ಹತ್ತು ವರ್ಷದ ಮೇಲೆ ಕಳೆ ಕೀಳಲು ಇಳಿದ ಗೌಡ

ಕಳೆನಾಶಕ ಬಂದ ಮೇಲೆ ಯಂಕೋಬಗೌಡ ಭತ್ತದ ಗದ್ದೆಯ ಕಳೆ ಕೀಳಲು ದ್ಯಾವಮ್ಮನ ಗುಂಪನ್ನು ಕರೆಯುವುದನ್ನೇ ಬಿಟ್ಟಿದ್ದ. ಹತ್ತು ವರ್ಷ ಕಳೆದು, ಹುಲ್ಲು ಯಾವ ಔಷಧಕ್ಕೂ ಜಗ್ಗದೆ ನಿಂತಾಗ, ನಾಚಿಕೆ ನುಂಗಿಕೊಂಡು ಅವಳ ಮನೆ ಬಾಗಿಲಿಗೆ ಹೋದ.

“ಬರ್ತೀವ್ರಿ ಗೌಡ್ರೇ,” ಎಂದಳು ದ್ಯಾವಮ್ಮ. “ಆದ್ರ ನೀವೂ ನಮ್ ಜೋಡಿ ಕೆಸರಿಗೆ ಇಳೀಬೇಕು.”

“ಹುಲ್ಲು ಕೀಳೋದೇನ್ ದೊಡ್ಡ ವಿದ್ಯೇನವ್ವ?” ಎಂದ ಗೌಡ, ಮರುದಿನ ಕಚ್ಚೆ ಬಿಗಿದು ಇಳಿದೇಬಿಟ್ಟ. ಹೆಂಗಸರು ಒಂದೊಂದು ಬುಡವನ್ನೂ ಬೆರಳಲ್ಲಿ ಸವರಿ ನೋಡುತ್ತ ಅರ್ಧ ಸಾಲು ದಾಟುವಷ್ಟರಲ್ಲಿ, ಇವನು ತನ್ನ ಸಾಲು ಮುಗಿಸಿ, ಕಿತ್ತದ್ದನ್ನೆಲ್ಲ ಬದುವಿಗೆ ಒಗೆದು ಮೀಸೆ ತಿರುವಿದ.

“ನೋಡವ್ವ, ನಿಮ್ಮೆಲ್ಲಾರ್ಕಿಂತ ಮೊದ್ಲು ಮುಗಿಸೀನಿ!”

ದ್ಯಾವಮ್ಮ ಬದುವಿನ ಮೇಲಿನ ರಾಶಿಯನ್ನು ನೋಡಿದಳು, ಸಾಲನ್ನೂ ನೋಡಿದಳು.

“ಕೈ ಭಾಳ ಚುರುಕೈತ್ರಿ ಗೌಡ್ರೇ. ಆದ್ರ ನೀವು ಕಿತ್ತಿದ್ದು ಭತ್ತ, ಬಿಟ್ಟಿದ್ದು ಹುಲ್ಲು.”