ಕೊರಳು ನೋಡಿದ ಅಮೀನ

ಕೋರ್ಟಿನ ಅಮೀನ ಒಳಗೆ ಬಂದವನು ಮೊದಲು ನೋಡಿದ್ದು ಶೈಲಾಳ ಕೊರಳನ್ನು. ಆಮೇಲೆ ಟಿವಿ, ಆಮೇಲೆ ತಿಜೋರಿ, ಆಮೇಲೆ ಮೂಲೆಯ ಹೊಲಿಗೆ ಮಷಿನ್ನು. ಸೆಕೆಗೆ ಮೈಯೆಲ್ಲ ಬೆವರುತ್ತಿದ್ದರೂ ಶೈಲಾ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. ಈ ಮನುಷ್ಯನ ಕಣ್ಣೇ ಸರಿಯಿಲ್ಲ ಅಂದುಕೊಂಡಳು.

ಅವನ ಹೆಸರು ಮುಜಾಫರ. ಈ ಮನೆಯ ರುದ್ರೇಶ ದಿವಾಳಿ ಅರ್ಜಿ ಹಾಕಿದ್ದ. ಅವನದೆಂಬುದು ಏನೇನು ಉಳಿದಿದೆ ಎಂದು ಬರೆದುಕೊಂಡು ವಶಕ್ಕೆ ತರಲು ಕೋರ್ಟು ಇವನನ್ನು ಕಳಿಸಿತ್ತು. ಸಾಕ್ಷಿಗೆ ಪಂಚರಾಗಿ ಎದುರುಮನೆಯ ಯಂಕವ್ವ, ಶಂಭುಲಿಂಗ ಇಬ್ಬರೂ ಬಂದು ಕುಳಿತಿದ್ದರು.

"ರುದ್ರೇಶ ನಿಮಗ ಏನಾಗಬೇಕ್ರಿ, ತಂಗೆವ್ವಾ?" ಮುಜಾಫರ ಕೇಳಿದ.

"ಏನೂ ಆಗಬೇಕಿಲ್ರಿ."

ಹೇಳಿಕೊಟ್ಟ ಪಾಠ. ಶಂಭುಲಿಂಗ ಅರ್ಧ ಆಯುಷ್ಯ ಕೋರ್ಟಿನ ಕಟ್ಟೆಯ ಮೇಲೆ ಕುಳಿತು ಕಳೆದವನು. ಶಿಗ್ಗಾವಿಯ ವಕೀಲರಿಗಿಂತ ಅವನಿಗೇ ಕಾನೂನು ಹೆಚ್ಚು ಗೊತ್ತು ಎಂದು ನಂಬುವವರು ಬಹಳ. ನಿನ್ನೆ ಬಂದು, ಚಹಾ ಕುಡಿದು, ಹೇಳಿ ಹೋಗಿದ್ದ: "ಹೆಂಡ್ತಿ ಅಂದ್ರೋ, ಸತ್ರಿ. ಆಕಿ ಮಷಿನ್ನೂ ಆತು, ಮೈಮ್ಯಾಲಿನ ಬಂಗಾರನೂ ಆತು, ಎಲ್ಲಾ ಗುಡಿಸಿ ಒಯ್ತಾರ. ಏನೂ ಅಲ್ಲ ಅನ್ರಿ, ಆಕಿದು ಆಕಿಗೇ ಉಳೀತದ."

ಏನೂ ಅಲ್ಲದೆಯೇ ಇಬ್ಬರೂ ಒಂದೇ ಮನೆಯಲ್ಲಿ ಒಂಬತ್ತು ವರ್ಷ ಬಾಳಿದ್ದರು. ಬಿಟ್ಟುಹೋದ ಮೊದಲ ಗಂಡ ಬಿಡುಗಡೆಯ ಸೋಡಚೀಟಿ ಕೊಡದೆ ಶೈಲಾಳನ್ನು ಕೋರ್ಟಿಗೆ ಅಲೆಸಿದ. ರುದ್ರೇಶ ಹಂಸಭಾವಿಯಿಂದ ದುಂಡಸಿಯವರೆಗೆ ಊರವರ ಮದುವೆಗೆಲ್ಲ ಶಾಮಿಯಾನ ಹಾಕಿದ. ತನ್ನ ಮನೆಯ ಮುಂದೆ ಒಂದು ಹಂದರ ಹಾಕುವ ಭಾಗ್ಯ ಬರಲಿಲ್ಲ. ಓಣಿಯವರು "ಇಟ್ಕೊಂಡಾಕಿ" ಅಂದರು. ಅವಳು ಕೇಳಿಯೂ ಕೇಳದವಳಂತೆ ಬ್ಲೌಸು ಹೊಲಿದಳು, ಹಾಗೆ ಅಂದವರದೇ ಬ್ಲೌಸು.

ಹೋದ ವರ್ಷ ಗೋದಾಮಿಗೆ ಬೆಂಕಿ ಬಿದ್ದು ಬಟ್ಟೆ, ಕುರ್ಚಿ, ಜನರೇಟರು ಎಲ್ಲ ಸುಟ್ಟವು. ಸಾಲವೊಂದು ಉಳಿಯಿತು. ಸಂಕ್ರಾಂತಿಯ ಹೊತ್ತಿಗೆ ಶೈಲಾಳಿಗೆ ಕಡೆಗೂ ಬಿಡುಗಡೆಯ ತೀರ್ಪು ಬಂತು. ಒಬ್ಬಳು ಬಿಡಿಸಿಕೊಳ್ಳುವಷ್ಟರಲ್ಲಿ ಇನ್ನೊಬ್ಬ ಸಿಕ್ಕಿಬಿದ್ದಿದ್ದ.

ಮುಜಾಫರ ಟಿವಿ ಬರೆದುಕೊಂಡ, ತಿಜೋರಿ ಬರೆದುಕೊಂಡ. ಮಷಿನ್ನಿನ ಮುಂದೆ ನಿಂತ.

"ಅದು ಆಕೀದರಿ," ರುದ್ರೇಶ ಅವಸರದಿಂದ ಅಂದ.

"ಆಕಿ ಅಂದ್ರ? ಹೆಂಡತಿನೋ?"

"ಅಲ್ರಿ. ಸುಮ್ಮನ ಜೋಡಿ ಇರ್ತಾಳ್ರಿ."

ಸುಮ್ಮನೆ. ಹಾಗೆ ಹೇಳಬೇಕೆಂದು ಇಬ್ಬರೂ ಮಾತಾಡಿಕೊಂಡದ್ದೇ. ಆದರೂ ಶೈಲಾಳ ಕೈ ತಾನಾಗಿ ಕೊರಳಿನ ಕಡೆ ಹೋಯಿತು, ತಟ್ಟನೆ ಇಳಿಸಿದಳು. ಅಮೀನ ಮಷಿನ್ನು ಬರೆಯಲಿಲ್ಲ. ನೋಡಿದಿರಾ ಎಂಬಂತೆ ಶಂಭುಲಿಂಗ ಕೆಮ್ಮಿದ.

ಅಡುಗೆಮನೆಯಲ್ಲಿ ಅಮೀನನ ಕೈ ಜೋಳದ ಹಿಟ್ಟಿನ ಡಬ್ಬಿಗೇ ಹೋಯಿತು. ಒಳಗಿನಿಂದ ಒಂದು ಬಟ್ಟೆಯ ಗಂಟು ಬಂತು. ಬಿಚ್ಚಿದರೆ, ಕರಿಮಣಿಯಲ್ಲಿ ಪೋಣಿಸಿದ ಬಂಗಾರದ ತಾಳಿ. ಕೊಂಡಿಯಲ್ಲಿ ಒಂದು ಉದ್ದ ಕೂದಲು ಸಿಕ್ಕಿಕೊಂಡಿತ್ತು.

ಮುಜಾಫರ ಕೂದಲನ್ನು ನೋಡಿದ. ಶೈಲಾಳನ್ನು ನೋಡಿದ.

"ತಂಗೆವ್ವಾ, ಕಡೀ ಸಲ ಕೇಳಾಕತ್ತೇನಿ. ನೀವು ಇವರ ಹೆಂಡತಿ ಏನ್ರಿ? ವಿಚಾರ ಮಾಡಿ ಹೇಳ್ರಿ."

ಬಲೆ ಬೀಸುತ್ತಿದ್ದಾನೆ. ತಾಳಿ ನನ್ನದು ಎಂದರೆ ಕಟ್ಟಿದವರು ಯಾರು ಎನ್ನುತ್ತಾನೆ. ಬಾಗಿಲಲ್ಲಿ ಶಂಭುಲಿಂಗ ಬ್ಯಾಡ ಬ್ಯಾಡ ಎಂದು ತಲೆಯಾಡಿಸುತ್ತಿದ್ದ.

"ಅಲ್ರಿ," ಅಂದಳು ಶೈಲಾ.

"ಹಂಗಾರ ಇದು ಯಾರದು?"

"ನಂದ್ರಿ," ಅಂದ ರುದ್ರೇಶ. "ನಾನ ಮಾಡಿಸಿದ್ದು."

ಮುಜಾಫರ ಪೆನ್ನು ಹಿಡಿದು ಇನ್ನೊಮ್ಮೆ ಶೈಲಾಳ ಕಡೆ ನೋಡಿದ. ಆಮೇಲೆ ಬರೆದ. ಶಂಭುಲಿಂಗ ಸಹಿ ಮಾಡಿದ, ಯಂಕವ್ವ ಹೆಬ್ಬೆಟ್ಟು ಒತ್ತಿದಳು. ತಾಳಿ ಲಕೋಟೆಯೊಳಗೆ ಹೋಗಿ, ಮೇಲೆ ಅರಗಿನ ಮುದ್ರೆ ಬಿತ್ತು.

ಅವನು ಗಾಡಿ ಹತ್ತುವಾಗ ಶೈಲಾ ಬೆನ್ನಿಗೇ ಹೋದಳು. "ಮಷಿನ್ ಉಳೀತಲ್ರಿ, ಸಾಹೇಬ್ರ?"

"ನೀವು ಹೆಂಡತಿ ಆಗಿದ್ರೂ ಉಳೀತಿತ್ರಿ. ಗಂಡನ ಸಾಲಕ್ಕ ಹೆಂಡತಿ ದುಡಿದದ್ದನ್ನ ಯಾರು ಒಯ್ತಾರ?" ಮುಜಾಫರ ಅವಳ ಮುಖ ನೋಡಲಿಲ್ಲ. "ಹೆಂಡತಿ ಕೊಳ್ಳಾಗಿನ ತಾಳಿನಂತೂ ಕೋರ್ಟ್ ಮುಟ್ಟೂ ಹಂಗಿಲ್ಲ. ಅದಕ್ಕ ಬಂದ ಕೂಡ್ಲೇ ನಿಮ್ಮ ಕೊಳ್ಳ ನೋಡಿದೆ, ಅದಕ್ಕ ತಿರುಗಿ ತಿರುಗಿ ಕೇಳಿದೆ. ಪಂಚರ ಮುಂದ ನೀವ ಅಲ್ಲ ಅಂದ್ರಿ. ಇನ್ನ ನನ್ನ ಕೈಯಾಗ ಏನೂ ಇಲ್ಲ."

ಗಾಡಿ ಹೋಯಿತು. ಶೈಲಾಳ ಕೈ ಮತ್ತೆ ಕೊರಳಿಗೆ ಹೋಯಿತು. ಈ ಸಲ ಇಳಿಸಲಿಲ್ಲ.

ಹೋದ ಸೋಮವಾರ ಊರಾಚೆಯ ಗುಡಿಯಲ್ಲಿ, ಪೂಜಾರಿಯೊಬ್ಬನ ಎದುರು ಕಟ್ಟಿದ್ದ ಆ ತಾಳಿಯನ್ನು, ಇವತ್ತು ಬೆಳಿಗ್ಗೆ ಅಮೀನನ ಗಾಡಿ ಓಣಿಗೆ ತಿರುಗುವ ಮೊದಲು, ರುದ್ರೇಶನೇ ಕೈಯಾರೆ ಅವಳ ಕೊರಳಿಂದ ತೆಗೆದಿದ್ದ.