ಅಜ್ಜಿಯ ಒಣಮೀನಿನ ಬುಟ್ಟಿಗಳು

ಕಾಪು ಪೇಟೆಯಲ್ಲಿ ಒಣಮೀನಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಕಿಡ್ನಿಯ ಕಾಯಿಲೆಗೆಂದು ಮಣಿಪಾಲದ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರು. ಅದರಿಂದ ಮುಖ ಊದಿಕೊಂಡು ಶಾಲೆಗೆ ಹೋಗಲು ನಾಚಿಕೆಯಾಗುತ್ತಿತ್ತು. "ಮಾತ್ರೆ ನಿಲ್ಲಿಸಬಾರದು, ಉಪ್ಪು ಕಡಿಮೆ ಮಾಡಿ" ಎಂದಿದ್ದರು ಡಾಕ್ಟರು. ಅಂದಿನಿಂದ ನನ್ನ ಗಂಜಿಗೆ ಉಪ್ಪಿಲ್ಲ, ಉಪ್ಪಿನಕಾಯಿಯೂ ಇಲ್ಲ.

ಜಗಲಿಯ ತುಂಬ ಮಾತ್ರ ಅಜ್ಜಿ ಮಾರುವ ಒಣಮೀನಿನ ಬುಟ್ಟಿಗಳು. ಅಂದು ಅಮ್ಮ ಬಾವಿಕಟ್ಟೆಯಲ್ಲಿದ್ದಾಗ ಒಂದು ತುಂಡು ಎತ್ತಿಕೊಂಡು, ಅದಕ್ಕೆ ಅಂಟಿದ್ದ ಉಪ್ಪಿನ ಹರಳುಗಳನ್ನು ನೆಕ್ಕಿದೆ. ತಲೆ ಎತ್ತಿದರೆ ಬಾಗಿಲಲ್ಲಿ ಅಜ್ಜಿ.

ಅವರು ಬೈಯಲಿಲ್ಲ. ತುಂಡನ್ನು ತೆಗೆದುಕೊಂಡು, ಸೆರಗಿನಿಂದ ನನ್ನ ಬಾಯಿ ಒರೆಸಿದರು. ಆಮೇಲೆ ಬುಟ್ಟಿಗಳನ್ನು ಒಂದೊಂದಾಗಿ ಹೊತ್ತು, ನಾಲ್ಕು ಮನೆ ಆಚೆಯ ತಮ್ಮ ತಂಗಿಯ ಮನೆಗೆ ಸಾಗಿಸತೊಡಗಿದರು.

"ಎಂತ ಅಮ್ಮ ಇದು, ಈ ಬಿಸಿಲಿಗೆ?" ಅಮ್ಮ ಓಡಿಬಂದು ಕೇಳಿದರು.

"ಇಲ್ಲಿ ಬೆಕ್ಕಿನ ಕಾಟ ಉಂಟು ಮಾರಾಯ್ತಿ" ಎಂದರು ಅಜ್ಜಿ.

ಮಾತ್ರೆ ಮುಗಿದು ನನ್ನ ಮುಖ ಇಳಿಯಲು ಐದಾರು ತಿಂಗಳು ಬೇಕಾಯಿತು. ಅಷ್ಟು ದಿನವೂ ಅಜ್ಜಿ ಬೆಳಗ್ಗೆ ತಂಗಿಯ ಮನೆಗೆ ಹೋಗಿ, ಅಲ್ಲಿಂದಲೇ ಬುಟ್ಟಿ ಹೊತ್ತು ಪೇಟೆಗೆ ನಡೆದರು.