ತೊಡೆ ಮೇಲಿಟ್ಟು ಬರೆಯುವುದು

ಮೊರದಲ್ಲಿ ಅಕ್ಕಿ ಆರಿಸುತ್ತಾ ಕೇಳಿದೆ, "ನಿಮ್ಮ ತಂಗಿಗೆ ಕಾಗದ ಬರೆದಿರಾ? ಅಣ್ಣ ಬರೆದು ಕರೆದರೇನೇ ಗೌರಿಹಬ್ಬಕ್ಕೆ ಬರೋದು ಅಂತ ಮುನಿಸಿಕೊಂಡು ಕೂತಿದ್ದಾಳೆ."

ನಮ್ಮ ಯಜಮಾನರು ಹೊಸ ಟ್ಯಾಬ್ಲೆಟ್ ಒರೆಸುತ್ತಿದ್ದರು. "ಫೋನು ಚಿಕ್ಕದು, ಬೆರಳು ತಪ್ಪುತ್ತೆ. ಕಂಪ್ಯೂಟರ್ ಮುಂದೆ ಕೂತರೆ ಸೊಂಟ ಹಿಡಿಯುತ್ತೆ. ಇದು ನೋಡೇ, ತೊಡೆ ಮೇಲಿಟ್ಟುಕೊಂಡೇ ಬರೀಬಹುದು!"

"ಫೋನು ತಂದಾಗಲೂ ಹೀಗೇ ಅಂದಿರಿ, ಕಂಪ್ಯೂಟರ್ ತಂದಾಗಲೂ ಹೀಗೇ. ಹಬ್ಬ ಬಂತು, ಬರೀರಿ."

"ತಾಳೇ, ಮೊದಲು ಇದಕ್ಕೊಂದು ಕವರ್ ಬರಲಿ."

ಕವರ್ ತರಲು ಅವರು ಪೇಟೆಗೆ ಹೋದರು. ಪಾಪ, ಹೇಳಿದ್ದು ಸುಳ್ಳಲ್ಲ. ಟ್ಯಾಬ್ಲೆಟ್ಟನ್ನು ತೊಡೆ ಮೇಲಿಟ್ಟುಕೊಂಡೆ, ಅದರ ಮೇಲೊಂದು ಪೋಸ್ಟ್ ಕಾರ್ಡ್ ಇಟ್ಟು, "ಹಬ್ಬಕ್ಕೆ ಬಾರಮ್ಮ. ಇಂತಿ, ನಿನ್ನ ಅಣ್ಣ" ಎಂದು ಬರೆದು ಅಂಚೆಡಬ್ಬಿಗೆ ಹಾಕಿಬಂದೆ.